ಹಿಟ್ಟಿನ ಮೂಗು

ಕಿವುಡರ ಮುಂದೆ ಶಂಖ ಊದಿದಂತೆ ಎಂದು ಆಡಿಕೊಳ್ಳುವವರು ಯಾವುದಾದರೂ ಶನಿವಾರ ಮಧ್ಯಾಹ್ನ ಆಕ್ರನ್ ಊರಿನ ಆರ್ಕೇಡಿಯಾ ಚಿತ್ರಮಂದಿರಕ್ಕೆ ಬಂದು ಎರಡನೆಯ ಸಾಲಿನಲ್ಲಿ ಕೂತು ನೋಡಬೇಕಿತ್ತು. ಆ ಸಾಲು ಪೂರ್ತಿ ಕಿವುಡರದು. ರಬ್ಬರ್ ಕಾರ್ಖಾನೆಗಳಲ್ಲಿ ವಾರವಿಡೀ ದುಡಿದು, ಮೈಯ ಗಂಧಕದ ವಾಸನೆ ಹೋಗುವಂತೆ ಉಜ್ಜಿ ಸ್ನಾನ ಮಾಡಿ, ಹನ್ನೆರಡು ಹದಿಮೂರು ಜನ ಒಟ್ಟಿಗೆ ಬರುತ್ತಿದ್ದರು. ಮೂಕಚಿತ್ರಕ್ಕೆ ಪಿಯಾನೋ ನುಡಿಸುವವಳು ಎಡಗೈಯಲ್ಲಿ ಜೋರಾಗಿ ಕುಟ್ಟಿದಾಗ ಆ ಅದುರು ಮರದ ನೆಲದಿಂದ ಅವರ ಅಂಗಾಲಿಗೆ ಹತ್ತುತ್ತಿತ್ತು. ಅಷ್ಟು ಸಂಗೀತ ಅವರಿಗೆ ಸಾಕಾಗಿತ್ತು.

ಉಳಿದ ಜನ ಕಣ್ಣೊರೆಸಿಕೊಳ್ಳುವ ಕಡೆ ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚಿತ್ರದಲ್ಲಿ ದನಿಯಿಲ್ಲ ಎಂಬ ಧೈರ್ಯಕ್ಕೆ ನಟರು ಬಾಯಿಗೆ ಬಂದದ್ದನ್ನು ಆಡುತ್ತಿದ್ದರು. ನಾಯಕ ಮಂಡಿಯೂರುತ್ತಾನೆ, ಪರದೆಯ ಮೇಲೆ 'ನೀನಿಲ್ಲದೆ ನಾನು ಬದುಕಲಾರೆ' ಎಂಬ ಬರಹ ಬರುತ್ತದೆ. ಅವನ ತುಟಿ ಮಾತ್ರ 'ಈ ಬೂಟು ಕಾಲು ತಿಂತಾ ಇದೆ, ಬೇಗ ಮುಗಿಸಿ' ಎನ್ನುತ್ತದೆ. ತುಟಿ ಓದುವವರ ಮುಂದೆ ಸುಳ್ಳು ಹೇಳುವುದು ಸುಲಭವಲ್ಲ.

ಆ ಸಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತುಟಿ ಓದುತ್ತಿದ್ದವಳು ವರ್ನಾ ಹೌಬ್ರಿಕ್. ಮೂವತ್ತೆಂಟು ವಯಸ್ಸು, ಮದುವೆಯಿಲ್ಲ, ರಬ್ಬರ್ ಬೂಟುಗಳಿಗೆ ಅಟ್ಟೆ ಅಂಟಿಸುವ ಕೆಲಸ. ಅವಳು ಹುಟ್ಟು ಕಿವುಡಿಯಲ್ಲ. ಪೆನ್ಸಿಲ್ವೇನಿಯಾದ ಹಳ್ಳಿಯಲ್ಲಿ ಏಳು ವರ್ಷದವಳಿದ್ದಾಗ ಕೆಂಪು ಜ್ವರ ಬಂದು ಕಿವಿ ಹೋಯಿತು. ಜ್ವರ ಮೊದಲು ಬಂದದ್ದು ಅಣ್ಣ ಎಮೆಟ್‌ಗೆ. ಅವನನ್ನು ಬೇರೆ ಕೋಣೆಯಲ್ಲಿ ಮಲಗಿಸಿದ್ದರು. ಒಬ್ಬನೇ ಇರಲು ಹೆದರಿ ಹುಡುಗ ಬೆಳಗಿನ ಜಾವ ಎದ್ದು ಬಂದು ತಂಗಿಯ ಹೊದಿಕೆಯೊಳಗೆ ನುಸುಳಿಕೊಂಡ. ಅವನು ಗುಣವಾದ, ಅವಳ ಕಿವಿ ಹೋಯಿತು. ಅಪ್ಪ ಅದನ್ನು ಒಂದು ದಿನವೂ ಮರೆಯಲು ಬಿಡಲಿಲ್ಲ.

ಎಮೆಟ್ ತನ್ನ ತಪ್ಪಿಗೆ ತಾನೇ ಒಂದು ದಾರಿ ಹುಡುಕಿಕೊಂಡಿದ್ದ. ತಂಗಿಯ ಎದುರು ಕೂತು, ಒಂದೊಂದು ಮಾತನ್ನೂ ತುಟಿಯಲ್ಲಿ ತಿದ್ದಿ ತೀಡಿ, ನಿಧಾನವಾಗಿ ಆಡುತ್ತಿದ್ದ. ವರ್ನಾ ತುಟಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ಅವನ ಬಾಯಿಂದ. ಅವಳು ಅತ್ತರೆ ಅಮ್ಮ ರೊಟ್ಟಿಗೆ ನಾದಿಟ್ಟ ಹಿಟ್ಟಿನಿಂದ ಒಂದು ಚೂರು ಕದ್ದು, ಮೂಗಿನ ಮೇಲೆ ಮೆತ್ತಿ, ಒಮ್ಮೆ ಪಾದ್ರಿಯಾಗುತ್ತಿದ್ದ, ಒಮ್ಮೆ ಮಾಟಗಾತಿಯಾಗುತ್ತಿದ್ದ, ಒಮ್ಮೆ ಸಾಕ್ಷಾತ್ ಅಪ್ಪನೇ ಆಗುತ್ತಿದ್ದ. ಹದಿನಾರು ತುಂಬಿದಾಗ ಊರೂರಿಗೆ ಹೋಗಿ ಆಟ ಆಡಿ ತೋರಿಸಿ ಔಷಧ ಮಾರುವವರ ಗಾಡಿ ಹತ್ತಿ ಹೋದ. ಆಮೇಲೆ ಸುದ್ದಿಯಿಲ್ಲ. ಅಪ್ಪ ಅಮ್ಮ ತೀರಿಕೊಂಡರು, ಮನೆ ಹೋಯಿತು, ಕಿವುಡರಿಗೆ ಕೆಲಸ ಕೊಡುತ್ತಾರಂತೆ ಎಂದು ಕೇಳಿ ವರ್ನಾ ಆಕ್ರನ್‌ಗೆ ಬಂದಳು.

ಸಾವಿರದ ಒಂಬೈನೂರ ಇಪ್ಪತ್ತಮೂರರ ಶರತ್ಕಾಲದಲ್ಲಿ ಆರ್ಕೇಡಿಯಾಕ್ಕೆ ಒಂದು ಕಳ್ಳರ ಚಿತ್ರ ಬಂತು. ತಿಜೋರಿ ಒಡೆಯುವ ಗೂನು ಬೆನ್ನಿನ ಮುದುಕನೊಬ್ಬ ಅದರಲ್ಲಿ ಮುಖ್ಯ ಪಾತ್ರ. ಒಂದು ಕಣ್ಣು ಬೆಳ್ಳಗೆ ಸತ್ತಿದೆ, ಕೆನ್ನೆ ಕತ್ತರಿಸಿಹೋಗಿದೆ. ನಟನ ಹೆಸರು ಜೆರಾರ್ಡ್ ವಾನ್ಸ್ ಎಂದು ಗೋಡೆಯ ಜಾಹೀರಾತಿನ ಮೇಲೆ ಬರೆದಿತ್ತು. ಅಲ್ಲಿಯವರೆಗೆ ಆ ಹೆಸರನ್ನು ಯಾರೂ ಗಮನಿಸಿರಲಿಲ್ಲ.

ಕೊನೆಯಲ್ಲಿ ಮುದುಕ ಜೈಲಿನ ಕಂಬಿ ಹಿಡಿದು ಮೇಲೆ ನೋಡುತ್ತಾನೆ. ಪರದೆ ತುಂಬ ಅವನ ಮುಖ. 'ದೇವರೇ, ನನ್ನ ಪಾಪಗಳನ್ನು ಮನ್ನಿಸು' ಎಂಬ ಬರಹ. ಅವನ ತುಟಿ ಹಾಗನ್ನಲಿಲ್ಲ. ತಿದ್ದಿ ತೀಡಿ, ನಿಧಾನವಾಗಿ, ಎದುರಿಗೆ ಕೂತ ಚಿಕ್ಕ ಹುಡುಗಿಗೆ ಹೇಳುವಂತೆ ಹೇಳಿತು: "ವರ್ನಿ, ಹಿಟ್ಟಿನ ಮೂಗು ನೆನಪಿದೆಯಾ? ಜ್ವರ ನನ್ನಿಂದಲೇ ಬಂತು. ಇನ್ನೂ ಕೋಪ ಇದೆಯಾ ನನ್ನ ಮೇಲೆ?"

ಇಡೀ ಸಾಲು ಒಟ್ಟಿಗೆ ವರ್ನಾಳ ಕಡೆ ತಿರುಗಿತು. ಪಕ್ಕದಲ್ಲಿದ್ದ ಗೆಳತಿ ಟಿಲ್ಲಿ ಆಸ್‌ಗುಡ್ ಮೊಣಕೈಯಿಂದ ತಿವಿದಳು. ಟಿಲ್ಲಿಯ ನಾಲಿಗೆ ಎಂದರೆ ಅವಳ ಎರಡು ಕೈಗಳು, ಅವು ಸುಮ್ಮನಿದ್ದದ್ದನ್ನು ಯಾರೂ ಕಂಡಿಲ್ಲ.

"ಲೇ, ಆ ಗೂನ ನಿನ್ನ ಹೆಸರು ಹೇಳಿದ ಕಣೆ. ಯಾರೇ ಅವನು?"

ವರ್ನಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ಮುಖದಲ್ಲಿ ಅವಳಿಗೆ ಗುರುತು ಸಿಗುವಂಥದ್ದು ಏನೇನೂ ಇರಲಿಲ್ಲ, ತುಟಿಗಳನ್ನು ಬಿಟ್ಟು. ಮೇಣ, ಅಂಟು, ಬಣ್ಣದ ಒಳಗಿನಿಂದ ಅವಳ ಬಾಲ್ಯ ಅವಳ ಕಡೆ ನೋಡುತ್ತಿತ್ತು. ಹೊರಗೆ ಬಂದಾಗ ಕಾರ್ಖಾನೆಗಳ ಹೊಗೆ ಬೀದಿಗೆ ಇಳಿದಿತ್ತು, ಅದರೊಳಗೆ ಓಡಾಡುವ ಜನರೆಲ್ಲ ಕನಸಿನಲ್ಲಿ ಬರುವವರ ಹಾಗೆ ಮೆಲ್ಲಗೆ ಬಾಯಾಡಿಸುತ್ತಿದ್ದರು. ಅವಳು ಆ ವಾರ ನಾಲ್ಕು ಸಲ ಚಿತ್ರ ನೋಡಿದಳು. ನಾಲ್ಕು ಸಲವೂ ಅವನು ಅದನ್ನೇ ಕೇಳಿದ, ನಾಲ್ಕು ಸಲವೂ ಅವಳು ಕತ್ತಲಲ್ಲಿ ತಲೆಯಾಡಿಸಿ ಇಲ್ಲ ಅಂದಳು.

ತಲೆಯಾಡಿಸಿದರೆ ಪರದೆಗೆ ಕಾಣುತ್ತದೆಯೇ? ಚಿತ್ರ ತೆಗೆದ ಕಂಪನಿಗೆ ಕಾಗದ ಬರೆದಳು. 'ಕೋಪ ಯಾವತ್ತೂ ಇರಲಿಲ್ಲ. ಆಕ್ರನ್‌ನಲ್ಲಿದ್ದೇನೆ, ಕಾಬ್ ಬೀದಿ, ಹದಿನಾಲ್ಕನೆಯ ಮನೆ. ಬಾ.' ಉತ್ತರವಾಗಿ ಒಂದು ಫೋಟೋ ಬಂತು, ಜೆರಾರ್ಡ್ ವಾನ್ಸ್ ಎಂದು ಅಚ್ಚು ಹಾಕಿದ ಸಹಿಯೊಂದಿಗೆ. ಮತ್ತೆ ಬರೆದಳು. ಮತ್ತೆ ಅದೇ ಫೋಟೋ.

"ಗೋಡೆಗೆಲ್ಲ ಅಂಟಿಸ್ಕೊ, ಬಣ್ಣ ಹೊಡಿಸೋ ಖರ್ಚು ಉಳಿಯುತ್ತೆ," ಎಂದಳು ಟಿಲ್ಲಿ. ಆಮೇಲೆ ವರ್ನಾಳ ಮುಖ ನೋಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ಚಳಿಗಾಲ ಹಾಗೇ ಕಳೆಯಿತು. ಮುಂದಿನ ಮೇ ತಿಂಗಳ ಮೊದಲ ಭಾನುವಾರ ವರ್ನಾ ಮನೆಯಲ್ಲೇ ಇದ್ದಳು. ಅಡುಗೆಮನೆಯಲ್ಲಿ ಕಿಟಕಿಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಮಾಡಿ, ಎಲೆಕೋಸು ಹೆಚ್ಚುತ್ತಾ ಕೂತಿದ್ದಳು. ಕಾಬ್ ಬೀದಿಯ ಕಿವುಡರ ಮನೆಗಳಲ್ಲಿ ಬಾಗಿಲ ಪಕ್ಕ ಒಂದು ಹಗ್ಗ ಇಳಿಬಿಟ್ಟಿರುತ್ತಾರೆ. ಬಂದವರು ಅದನ್ನು ಎಳೆದರೆ ಒಳಗೆ ಕಬ್ಬಿಣದ ಗುಂಡೊಂದು ಧೊಪ್ಪನೆ ನೆಲಕ್ಕೆ ಬೀಳುತ್ತದೆ, ಮನೆಯವರಿಗೆ ಕಾಲಲ್ಲಿ ತಿಳಿಯುತ್ತದೆ. ಹಾಲಿನವನಿಗೂ ಗೊತ್ತಿದ್ದ ವಿಷಯ ಅದು. ಆ ಭಾನುವಾರ ಗುಂಡು ಬೀಳಲಿಲ್ಲ. ಮರುದಿನ ಕೆಲಸಕ್ಕೆ ಹೊರಟಾಗ ಮೆಟ್ಟಿಲ ಮೇಲೆ ಹಿಟ್ಟಿನ ಒಣಗಿದ ಉಂಡೆಯೊಂದು ಬಿದ್ದಿತ್ತು, ಯಾರೋ ತುಳಿದು ಚಪ್ಪಟೆಯಾಗಿತ್ತು. ಆಗಲೇ ಅವಳಿಗೆ ಹೊಳೆಯಬೇಕಿತ್ತು. ಬೇಕಾದ ಹೊತ್ತಿಗೆ ಬುದ್ಧಿ ಎಲ್ಲಿ ಮೇಯಲು ಹೋಗಿರುತ್ತದೋ. ಹೊತ್ತಾಯಿತೆಂದು ಅವಳು ಅದನ್ನು ಪಕ್ಕದ ಮನೆಯ ಕೋಳಿಗಳಿಗೆ ಎಸೆದು ಹೋದಳು.

ಜೆರಾರ್ಡ್ ವಾನ್ಸ್‌ನ ಮುಂದಿನ ಚಿತ್ರ ಏಪ್ರಿಲ್‌ನಲ್ಲೇ ಪೇಟೆಯ ದೊಡ್ಡ ಚಿತ್ರಮಂದಿರಕ್ಕೆ ಬಂದಿತ್ತು. ವರ್ನಾ ಹೋಗಲಿಲ್ಲ. ಹೊಸ ಚಿತ್ರವನ್ನು ಮೊದಲ ಸಲ ಒಬ್ಬರೇ ನೋಡಬಾರದು, ಎಲ್ಲರೂ ಒಟ್ಟಿಗೆ ಆರ್ಕೇಡಿಯಾದಲ್ಲೇ ನೋಡಬೇಕು ಎಂಬುದು ಆ ಸಾಲಿನವರ ಕಟ್ಟಳೆ. ಅದನ್ನು ಮುರಿದವರ ಜೊತೆ ಒಂದು ತಿಂಗಳು ಯಾರೂ ಕೈಯಾಡಿಸುತ್ತಿರಲಿಲ್ಲ. ಆರ್ಕೇಡಿಯಾಕ್ಕೆ ಚಿತ್ರ ಬರುವುದು ಊರೂರು ಸುತ್ತಿ, ಗೀರುಬಿದ್ದು, ಆರು ತಿಂಗಳ ಮೇಲೆ. ಅವಳು ಕಾದಳು.

ಅಕ್ಟೋಬರ್‌ನಲ್ಲಿ ಬಂತು. ಈ ಸಲ ಅವನು ಹಡಗುಕಟ್ಟೆಯ ಗೂಂಡಾ, ಚಿನ್ನದ ಹಲ್ಲು, ಸುಟ್ಟ ಕಿವಿ. ಹಗ್ಗದ ರಾಶಿಯ ಮೇಲೆ ಪೊಲೀಸನೊಬ್ಬನ ಕತ್ತು ಹಿಸುಕುತ್ತಿದ್ದಾನೆ. 'ನಿನ್ನ ಕಾಲ ಮುಗಿಯಿತು, ನಾಯಿ' ಎಂದು ಬರಹ. ಹಿಂದಿನ ಸಾಲುಗಳಲ್ಲಿ ಜನ ಎದ್ದು ನಿಂತಿದ್ದರು. ಕತ್ತು ಹಿಸುಕುತ್ತಲೇ, ಕಣ್ಣಲ್ಲಿ ಬೆಂಕಿ ಕಾರುತ್ತಲೇ, ಅವನ ತುಟಿ ಅಕ್ಕರೆಯಿಂದ ಹೇಳಿತು: "ವರ್ನಿ, ನಿನ್ನ ಕಾಗದ ಸಿಕ್ಕಿತು. ಮೇ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನದ ರೈಲಿಗೆ ಬರ್ತೀನಿ. ನಿಲ್ದಾಣಕ್ಕೆ ಬರದಿದ್ರೆ ಮನೆಗೇ ಬರ್ತೀನಿ. ಗುರುತಿಗೆ ಹಿಟ್ಟಿನ ಮೂಗು ಹಾಕ್ಕೊಂಡಿರ್ತೀನಿ."

ಮೆಟ್ಟಿಲ ಮೇಲಿನ ಉಂಡೆ ವರ್ನಾಳ ಕಣ್ಣೆದುರು ಬಂದು ನಿಂತಿತು. ಅವನು ನಿಲ್ದಾಣದಲ್ಲಿ ಕಾದಿದ್ದಾನೆ. ಕಾದು, ಮನೆ ಹುಡುಕಿಕೊಂಡು ಬಂದು, ಹಗ್ಗದ ವಿಷಯ ಗೊತ್ತಿಲ್ಲದೆ ಬಾಗಿಲು ತಟ್ಟಿದ್ದಾನೆ. ತಟ್ಟಿ ತಟ್ಟಿ, ಇವಳಿಗೆ ಇನ್ನೂ ಕೋಪ ಹೋಗಿಲ್ಲ ಎಂದುಕೊಂಡು, ಮೂಗು ಕಿತ್ತು ಬಿಸುಟು ಹೋಗಿದ್ದಾನೆ. ಹತ್ತು ಹೆಜ್ಜೆ ಆಚೆ ಅವಳು ಎಲೆಕೋಸು ಹೆಚ್ಚುತ್ತಿದ್ದಳು. ಆ ದುಃಖಕ್ಕೆ ಅಳುವೂ ಬರಲಿಲ್ಲ.

ಎಲ್ಲರೂ ಅವಳ ಮನೆಗೆ ಬಂದು ಸುತ್ತ ಕೂತರು. ಅಚ್ಚುಮೊಳೆ ಜೋಡಿಸುವ ಕೆಲಸದ ಮುದುಕ ಪ್ರೂಯಿಟ್, "ಅಲ್ಲ, ಅಷ್ಟು ದೂರ ಬರೋನು ಒಂದು ಕಾಗದ ಬರೆಯೋಕೇನಾಗಿತ್ತು?" ಎಂದು ಕೇಳಿದ.

"ಅವನಿಗೆ ಬರೆಯೋದಂದ್ರೆ ಆಗಲ್ಲ ಪ್ರೂಯಿಟ್ ಅವರೇ," ಎಂದು ಕೈಯಾಡಿಸಿದಳು ವರ್ನಾ. "ಅಕ್ಷರ ತಪ್ಪಿದ್ರೆ ಅಪ್ಪ ಬೆರಳ ಮೇಲೆ ಹೊಡೀತಿದ್ರು. ನನಗೆ ಹೇಳೋದನ್ನೆಲ್ಲ ಅವನು ಬಾಯಲ್ಲೇ ಹೇಳೋನು. ನಾವೂ ಎಲ್ಲರ ಹಾಗೆ ಏಪ್ರಿಲ್‌ನಲ್ಲೇ ಚಿತ್ರ ನೋಡ್ತೀವಿ ಅಂದ್ಕೊಂಡ."

ಟಿಲ್ಲಿ ಎದ್ದು ನಿಂತಳು. "ಕಟ್ಟಳೆ ಮಾಡಿದ್ದು ನಾವು, ತಪ್ಪು ನಮ್ಮೆಲ್ಲರದು. ಇನ್ನೊಂದು ಕಾಗದ ಹಾಕಿ ಇನ್ನೊಂದು ಫೋಟೋ ತರಿಸ್ಕೋಬೇಡ. ಅವನು ಬಾಯಲ್ಲಿ ಕೇಳಿದಾನೆ, ನೀನೂ ಹೋಗಿ ಬಾಯಲ್ಲೇ ಹೇಳು."

"ಬಾಯಲ್ಲಾ?" ವರ್ನಾ ತುಟಿಗೆ ಕೈಯಿಟ್ಟುಕೊಂಡಳು. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯ ಮೇಡಂ ಒಬ್ಬರು ಅವಳ ದನಿ ಕೇಳಿದರೆ ನಾಯಿ ಓಡಿಹೋಗುತ್ತದೆ ಎಂದಿದ್ದರು. ಅಂದಿನಿಂದ ಅವಳು ಗಂಟಲಿಂದ ಒಂದು ಮಾತು ಹೊರಡಿಸಿರಲಿಲ್ಲ.

ನವೆಂಬರ್‌ನಲ್ಲಿ ರೈಲು ಹತ್ತಿದಳು. ನಾಲ್ಕು ಹಗಲು ಕಿಟಕಿಯಲ್ಲಿ ಬಯಲು, ಹಿಮ, ಮರಳುಗಾಡು ಮೂಕಚಿತ್ರದಂತೆ ಜಾರಿಹೋದವು. ಎಚ್ಚರವೋ ನಿದ್ದೆಯೋ ತಿಳಿಯದೆ ಅವಳು ಗಾಜಿಗೆ ಹಣೆಯಿಟ್ಟು, ಹೇಳಬೇಕಾದ ಮಾತನ್ನು ದನಿಯಿಲ್ಲದೆ ತುಟಿಯಲ್ಲಿ ತಿದ್ದುತ್ತಿದ್ದಳು. ಕೊನೆಯ ನಿಲ್ದಾಣಕ್ಕೆ ಮೊದಲು ಊಟದ ಡಬ್ಬಿಯ ಬ್ರೆಡ್ಡಿನ ಒಳತಿರುಳನ್ನು ನೀರಲ್ಲಿ ಕಲಸಿ ನಾದಿದಳು.

ಲಾಸ್ ಏಂಜಲೀಸ್‌ನ ಬಿಸಿಲು ನವೆಂಬರ್‌ನಲ್ಲೂ ಹಳದಿಯಾಗಿ ಸುರಿಯುತ್ತಿತ್ತು. ಕಂಪನಿಯ ಗೇಟಿನಲ್ಲಿ ಕಾವಲುಗಾರ ಯಾರೊಂದಿಗೋ ಜಗಳವಾಡುತ್ತಿದ್ದ. ವರ್ನಾ ಒಳಗೆ ನಡೆದಳು. ಅವನು ಹಿಂದಿನಿಂದ ಎಷ್ಟು ಕೂಗಿಕೊಂಡನೋ ದೇವರಿಗೇ ಗೊತ್ತು. ಅವಳು ಅರ್ಧ ಮನೆಗಳ ನಡುವೆ, ಬೆನ್ನೇ ಇಲ್ಲದ ಚರ್ಚಿನ ಪಕ್ಕ, ಗೋಣಿಬಟ್ಟೆಯ ಕಲ್ಲಿನ ಗೋಡೆ ದಾಟಿ ಹೋದಳು. ಮೂಗಿನ ಮೇಲೆ ಉದ್ದನೆಯ ಹಿಟ್ಟಿನ ಮೂಗು ಇತ್ತು, ಅದನ್ನು ನೋಡಿದವರೆಲ್ಲ ಪಾತ್ರಧಾರಿಯೇ ಇರಬೇಕೆಂದು ದಾರಿ ಬಿಟ್ಟರು.

ಹೊಗೆ ಹಾಕಿದ ಒಂದು ಗಲ್ಲಿಯಲ್ಲಿ, ಗುಂಡೇಟು ತಿಂದ ಮುದಿ ಕೊಲೆಗಡುಕನೊಬ್ಬ ಗೋಡೆಗೊರಗಿ ಸಾಯುತ್ತಿದ್ದ. ಕ್ಯಾಮೆರಾದ ಹಿಡಿ ತಿರುಗುತ್ತಿತ್ತು. ಅವನ ತುಟಿ ಅಲುಗುತ್ತಿತ್ತು: "ವರ್ನಿ, ಬಾಗಿಲು ತೆಗೀಲಿಲ್ಲ ನೀನು. ಸರಿ ಬಿಡು. ಇನ್ನು ಕೇಳಲ್ಲ."

ಯಾರ್‍ಯಾರೋ ಅಡ್ಡ ಬಂದು ಕೈಬೀಸಿದರು. ಅವಳು ನೇರ ಹೊಗೆಯೊಳಗೆ ನಡೆದು, ಅವನೆದುರು ಮಂಡಿಯೂರಿ ಕೂತು, ಬಾಯಿ ತೆರೆದಳು.

ನಿರ್ದೇಶಕ ಆ ತುಂಡನ್ನು ಕತ್ತರಿಸಲಿಲ್ಲ. ಆ ಕೊಲೆಗಡುಕನ ಮುಖದಲ್ಲಿ ಉಕ್ಕಿದಂಥ ಅಳು ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದನಂತೆ. ಮುಂದಿನ ಬೇಸಿಗೆಯಲ್ಲಿ, ಊರೂರು ಸುತ್ತಿ ಗೀರುಬಿದ್ದು, ಆ ಚಿತ್ರ ಆರ್ಕೇಡಿಯಾಕ್ಕೂ ಬಂತು. ಎರಡನೆಯ ಸಾಲಿನಲ್ಲಿ ಅಂದು ಒಬ್ಬ ಹೆಚ್ಚಿದ್ದ. ವರ್ನಾಳ ಪಕ್ಕ ಕೂತಿದ್ದ ಬೋಳುತಲೆಯ, ನೂರು ಜನರಲ್ಲಿ ಎದ್ದು ಕಾಣದ ಮುಖದ ಆ ಮನುಷ್ಯ ಎಮೆಟ್ ಹೌಬ್ರಿಕ್ ಎಂದು ಹಿಂದಿನ ಸಾಲಿನವರಿಗೆ ಗೊತ್ತಿರಲಿಲ್ಲ. ಆಕ್ರನ್‌ಗೆ ಬಂದಾಗ ಅವನು ಮೊದಲು ಮಾಡಿದ ಕೆಲಸವೆಂದರೆ ಬಾಗಿಲ ಹಗ್ಗವನ್ನು ಏಳು ಸಲ ಎಳೆದದ್ದು.

ಪರದೆಯ ಮೇಲೆ ಹೊಗೆ ಸರಿಯಿತು. ಉದ್ದ ಮೂಗಿನ ಹೆಂಗಸೊಬ್ಬಳು ಸಾಯುವವನ ಕೆನ್ನೆ ಹಿಡಿದುಕೊಂಡಳು. 'ಮಗನೇ, ನಿನ್ನನ್ನು ಕ್ಷಮಿಸಿದ್ದೇನೆ' ಎಂದು ಬರಹ ಮೂಡಿತು, ಕಿವಿಯಿದ್ದವರೆಲ್ಲ ಕರವಸ್ತ್ರ ತೆಗೆದರು. ಎರಡನೆಯ ಸಾಲು ಮಾತ್ರ ಅವಳ ತುಟಿ ನೋಡುತ್ತಿತ್ತು. ತಿದ್ದಿ ತೀಡಿ, ನಿಧಾನವಾಗಿ, ಇಪ್ಪತ್ತಾರು ವರ್ಷದ ಮೇಲೆ ಮೊದಲ ಬಾರಿಗೆ ಅವಳು ಮಾತಾಡುತ್ತಿದ್ದಳು:

"ಕಿವುಡಿ ಮನೆ ಬಾಗಿಲು ತಟ್ಟಿದ್ಯೇನೋ, ಪೆದ್ದ? ಪಕ್ಕದಲ್ಲೇ ಹಗ್ಗ ಇತ್ತು."