ಕ್ಯಾರವಾನಿನ ನೀರು, ವನಜಕ್ಕನ ಉಸ್ತುವಾರಿ

ಸಿನಿಮಾದವರ ಕ್ಯಾರವಾನಿಗೆ ಡ್ರೈವರಾಗಿ ಸೇರಿದ ಮೊದಲ ದಿನ ಮಾಗಡಿಯ ಚಿಕ್ಕರಾಜು ಚಪ್ಪಲಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಿದ್ದ. ಗಾಡಿಯೊಳಗೆ ಸೋಫಾದ ಕೆಳಗಿಂದ ಗೊರಗೊರ ಸದ್ದು ಬರುತ್ತಿತ್ತು. ಯಾರೋ ದೊಡ್ಡ ನಟರು ಗೊರಕೆ ಹೊಡೆಯುತ್ತಿದ್ದಾರೆಂದು ತೀರ್ಮಾನಿಸಿ, ತುದಿಗಾಲಲ್ಲಿ ಹೊರಗೆ ಬಂದಿದ್ದ. ದೊಡ್ಡವರು ಸೋಫಾ ಬಿಟ್ಟು ಅದರ ಕೆಳಗೇಕೆ ಮಲಗುತ್ತಾರೆ ಎಂದು ಯೋಚಿಸುವ ತಲೆ ಇದ್ದಿದ್ದರೆ ಅವನು ಪಿಯುಸಿಯಲ್ಲೇ ಪಾಸಾಗುತ್ತಿದ್ದ.

ಗಾಡಿ ತೊಳೆಯಲು ಬಂದ ವನಜಾಕ್ಷಿ ಕೇಳಿದಳು, "ಯಾಕ್ಲಾ ಹೊರ್ಗೆ ನಿಂತಿದ್ದೀಯ?"

"ಮೆತ್ತಗೆ ಮಾತಾಡಕ್ಕ. ಒಳ್ಗೆ ಯಾರೋ ಮಲಗವ್ರೆ."

"ಯಾರು, ನಿಮ್ಮಾವನಾ?" ಎನ್ನುತ್ತ ಅವಳು ಒಳಹೊಕ್ಕು, ಅವನು ತೆರೆದೇ ಬಿಟ್ಟಿದ್ದ ನಲ್ಲಿ ತಿರುಗಿಸಿದಳು. ಗೊರಕೆ ನಿಂತಿತು. "ನೀರಿನ ಮೋಟ್ರು ಕಣ್ಲಾ ಅದು!"

ವನಜಕ್ಕ ಉಯ್ಯಂಬಳ್ಳಿ ಕಡೆಯವಳು. ಮದುವೆಯಾಗಿ ರಾಮನಗರಕ್ಕೆ ಬಂದು, ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿಸಿನೀರಿಗೆ ಬೆರಳದ್ದಿದವಳು. ಕೈ ಇಡೀ ದಿನ ನೀರಿನಲ್ಲಿ, ಬಾಯಿಗೆ ಮಾತ್ರ ಗುಟುಕಿಲ್ಲ. ಕುಡಿದರೆ ಹೋಗಬೇಕು, ಹೋಗಲು ಹೆಂಗಸರಿಗೆ ಅಲ್ಲಿ ಜಾಗವಿರಲಿಲ್ಲ. ಉರಿಮೂತ್ರ ಹಿಡಿದು ಹಾಸಿಗೆ ಸೇರಿ, ಎದ್ದಮೇಲೆ ಶೆಡ್ಡಿಗೆ ಕೈಮುಗಿದು ಶೂಟಿಂಗಿನವರ ಕಡೆ ಬಂದಳು. ಟ್ಯಾಂಕರಿನಿಂದ ಕ್ಯಾರವಾನಿಗೆ ನೀರು ಹಿಡಿಯುವುದು, ಬಚ್ಚಲು ತೊಳೆಯುವುದು, ಸೋರುವ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದು ಅವಳ ಪಾಲಿನ ಕೆಲಸ. ಕೂತು ಟೀ ಕುಡಿದದ್ದನ್ನು ಯಾರೂ ನೋಡಿಲ್ಲ. ಲೋಟ ಹಿಡಿದೇ ಗಾಡಿಗೆ ಸುತ್ತು ಹಾಕುತ್ತಾಳೆ.

ಈ ಸಲ ಬೆಟ್ಟದ ಬಂಡೆಗಳ ನಡುವೆ ಹಾಡಿನ ಶೂಟಿಂಗ್. ಬೆಳಗ್ಗೆ ತುಂಬಿಸಿದ ಟ್ಯಾಂಕು ಮಧ್ಯಾಹ್ನದೊಳಗೆ ಬರಿದಾಗತೊಡಗಿತ್ತು. ನಿನ್ನೆ ನಾಯಕಿ ಮುಖಕ್ಕೆಲ್ಲ ಸೋಪು ಹಚ್ಚಿಕೊಂಡಾಗ ನಲ್ಲಿ ಉಸ್ಸೆಂದಿತ್ತು. ಮ್ಯಾನೇಜರ್ ಮನೋಹರ್ ಚಿಕ್ಕರಾಜುವನ್ನು ಕರೆದು, "ಎಲ್ಲಿ ಸೋರ್ತಿದೆ ಅಂತ ಇವತ್ತು ಕಂಡುಹಿಡಿ. ಇಲ್ಲಾಂದ್ರೆ ಗಾಡಿ ಕೀ ಕೊಟ್ಟು ಮಾಗಡಿ ಬಸ್ ಹತ್ತು," ಎಂದಿದ್ದ.

ಕೀ ಕೊಡುವ ಮನಸ್ಸು ಚಿಕ್ಕರಾಜುವಿಗೆ ಸುತರಾಂ ಇರಲಿಲ್ಲ. ಗಾಡಿಯ ಕೆಳಗೆ ತೆವಳಿದ, ಮೇಲೆ ಹತ್ತಿದ, ಸೋಫಾ ಎತ್ತಿ ಮೋಟರಿಗೆ ಕಿವಿಯಿಟ್ಟ, ಸರಿಯಿದ್ದ ನಟ್ಟನ್ನು ಬಿಗಿಮಾಡಲು ಹೋಗಿ ಬೆರಳು ಕೆತ್ತಿಸಿಕೊಂಡ. ಕೊನೆಗೆ ವನಜಕ್ಕನ ಕಾಲಿಗೆ ಬಿದ್ದ. ಅವಳು ರಾಗಿಹಿಟ್ಟಿನ ಪೊಟ್ಟಣ ತಂದು ಪೈಪಿನ ಒಂದೊಂದು ಜಾಯಿಂಟಿನ ಕೆಳಗೂ ಉದುರಿಸಿದಳು. ಒಂದು ಹನಿ ಬಿದ್ದರೂ ಹಿಟ್ಟು ಕಪ್ಪಾಗುತ್ತದೆ. ಸುಮಾರು ಹೊತ್ತು ಕಾದರು. ಹಿಟ್ಟು ಬೀಸುವ ಕಲ್ಲಿನಿಂದ ಬಂದಂತೆಯೇ ಇತ್ತು.

"ಪೈಪಿಂದೇನೂ ತೆಪ್ಪಿಲ್ಲ ಬುಡು."

"ಮತ್ತೆ ನೀರು ಎಲ್ಲಿಗ್ ಹೋಯ್ತದಕ್ಕ?"

"ನೀರು ಎಲ್ಲಿಗ್ ಹೋದಾತು? ತಗ್ಗಿಗೆ."

ತಲೆ ಕೆರೆದುಕೊಂಡು ಅವನು ಕೆಳಗಿನ ಕೊಳಚೆ ಟ್ಯಾಂಕಿನ ಮುಚ್ಚಳ ತೆಗೆದ. ಕಂಠಮಟ್ಟ ತುಂಬಿತ್ತು. ಮೇಲಿನದು ಖಾಲಿ, ಕೆಳಗಿನದು ಭರ್ತಿ. ಅಂದರೆ ಸೋರಿದ್ದಲ್ಲ, ಯಾರೋ ಬಳಸಿದ್ದು. ದಿನವೂ ಅದನ್ನು ಖಾಲಿ ಮಾಡುತ್ತಿದ್ದವನು ಇವನೇ, ಮೂಗು ಮುಚ್ಚಿಕೊಳ್ಳುವಾಗ ತಲೆಯನ್ನೂ ಮುಚ್ಚಿಕೊಂಡಿದ್ದ.

ನಾಯಕಿ ಶಾಟಿಗೆ ಹೋಗಿದ್ದಳು. ಚಿಕ್ಕರಾಜು ಸುತ್ತಿ ಬಂದು ನೋಡಿದರೆ, ಗಾಡಿಯ ಹಿಂಬಾಗಿಲಲ್ಲಿ ಲಂಗ ಎತ್ತಿ ಹಿಡಿದು ಹಾಡಿನ ಗುಂಪಿನ ಹುಡುಗಿಯರು ಸಾಲಾಗಿ ನಿಂತಿದ್ದರು. ಒಬ್ಬಳು ಇಳಿದರೆ ಇನ್ನೊಬ್ಬಳು ಹತ್ತುತ್ತಿದ್ದಳು. ಅಷ್ಟರಲ್ಲಾಗಲೇ ಅಲ್ಲಿಗೆ ಬಂದಿದ್ದ ವನಜಕ್ಕ ಪೊರಕೆ ಹಿಡಿದು ಕಾವಲಿದ್ದಳು.

"ಅಕ್ಕಾ, ನನ್ ಕೆಲ್ಸ ಹೋಯ್ತದೆ ಕಣಕ್ಕ!"

"ಬೆಳಗ್ಗಿಂದ ಕುಣೀತಾವ್ರೆ ಕಣ್ಲಾ. ಶೂಟಿಂಗ್ ನೋಡಕ್ಕೆ ಊರಿಗೂರೇ ಬಂಡೆ ಮೇಲ್ ಹತ್ಕೊಂಡು ಕುಂತೈತೆ. ಇವರು ಯಾವ್ ಮರೆಗೆ ಹೋಗ್ಬೇಕು, ನೀನೇ ಹೇಳು."

ಚಿಕ್ಕರಾಜು ಬಂಡೆಗಳತ್ತ ನೋಡಿದ. ಒಂದೊಂದರ ಮೇಲೂ ಹತ್ತಾರು ತಲೆ. ಆ ಹೊತ್ತಿಗೆ ಮನೋಹರ್ ಬಂದೇಬಿಟ್ಟ. ಹುಡುಗಿಯರು ಗಾಡಿಯ ಆಚೆ ಬದಿಗೆ ಸರಿದರು.

"ಸಿಕ್ತೇನೋ?"

"ಸಿಕ್ತು ಸಾರ್. ಜಾಯಿಂಟು ಲೀಕಾಗ್ತಿತ್ತು. ಈಗಷ್ಟೇ ಬಿಗಿಮಾಡ್ದೆ." ಕೆತ್ತಿದ ಬೆರಳನ್ನು ಸಾಕ್ಷಿಗೆ ತೋರಿಸಿದ. ಜೀವಮಾನದಲ್ಲಿ ಅವನು ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದಿಲ್ಲ.

ಮನೋಹರ್ ಒಳಗೆ ಹೋಗಿ ಬಗ್ಗಿ ನೋಡಿದ. ಜಾಯಿಂಟಿನ ಕೆಳಗಿನ ಹಿಟ್ಟನ್ನು ಬೆರಳಲ್ಲಿ ಉಜ್ಜಿದ. ಪುಡಿಪುಡಿ ಒಣಗಿತ್ತು. ಬಚ್ಚಲ ನೆಲದಲ್ಲಿ ಬಗೆಬಗೆ ಅಳತೆಯ ಕೆಮ್ಮಣ್ಣಿನ ಹೆಜ್ಜೆ. ಕೆಳಗಿಳಿದವನು ಚಿಕ್ಕರಾಜುವಿನ ಮುಂದೆ ಕೀಗಾಗಿ ಕೈ ಚಾಚಿದ. ಇವನ ಕೈ ಜೇಬಿನವರೆಗೂ ಹೋಯಿತು.

"ಅವನ್ನೇನ್ ಕೇಳ್ತೀರಿ? ಬಾಗ್ಲು ತೆಗ್ದೋಳು ನಾನು," ಎಂದಳು ವನಜಕ್ಕ.

ಮನೋಹರ್ ಎಲ್ಲರಿಗೂ ಕೇಳುವಂತೆ ಕೂಗಿದ, "ಹೀರೋಯಿನ್ ಬಾತ್‌ರೂಮಿಗೆ ಯಾರ್ಯಾರನ್ನಮ್ಮ ಬಿಟ್ಟೆ ನೀನು?"

"ಉಚ್ಚೆ ಬಂದೋರ್ನ."