ತಿರುಗಿ ಬಯ್ಯುವ ಆಟ

ನನಗೆ ಬಾಯಿ ಜಾಸ್ತಿ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ವಿಡಿಯೋ ಗೇಮ್ ವಿಷಯ ಬಂದರೆ ನಾನಲ್ಲದೆ ಇನ್ಯಾರು ಮಾತಾಡಬೇಕು? ತಿಪಟೂರಿಂದ ತುರುವೇಕೆರೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಒಂದೇ ಮನೆಯ ಇಬ್ಬರು ಸೊಸೆಯರು ಸೇರಿ ಗೇಮ್ ಮಾಡಿದ್ದೀವಿ. ಸುಮ್ಮನೆ ಇರು ಅಂದರೆ ಹೇಗೆ ಇರಲಿ?

ನಾನು ಹಿರಿಸೊಸೆ. ತಿಪಟೂರಿನ ಕಾಲೇಜಿನಲ್ಲಿ ಬಿಸಿಎ ಮಾಡಿದವಳು, ಹಾಗಾಗಿ ಕೋಡಿಂಗ್ ನನ್ನ ಪಾಲಿಗೆ. ಚಿತ್ರ ಬರೆಯೋದು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳ ಕೈಗೆ ಒಂದು ಹಳೇ ಟ್ಯಾಬ್ ಕೊಟ್ಟರೆ ಸಾಕು, ಬೆರಳಲ್ಲೇ ಅಟ್ಟ ಬರೆಯುತ್ತಾಳೆ, ಅಟ್ಟದ ಮೇಲೆ ಓಡಾಡುವ ಇಲಿ ಬರೆಯುತ್ತಾಳೆ, ಆ ಇಲಿಯ ಮುಖದಲ್ಲಿ ಕಳ್ಳನಗೆ ಕೂಡ ಬರೆಯುತ್ತಾಳೆ. ನನಗಂತೂ ಹೊಟ್ಟೆಕಿಚ್ಚು. ಮನೆಯ ಗಂಡಸರು ಬೆಳಿಗ್ಗೆ ತೋಟಕ್ಕೆ ಹೋದರೆ ನಾವಿಬ್ಬರೂ ಅಡುಗೆ ಮುಗಿಸಿ ನಡುಮನೆಯಲ್ಲಿ ಕೂತುಬಿಡುತ್ತಿದ್ದೆವು.

ನಮ್ಮ ಅತ್ತೆಗೆ ಅದು ಕೆಲಸ ಅಂತಲೇ ಅನ್ನಿಸಿರಲಿಲ್ಲ. "ಫೋನ್ ಉಜ್ಜೋದು ಯಾವ ಸೀಮೆ ಕೆಲಸ ಕಣೇ?" ಅನ್ನುತ್ತಿದ್ದರು. ಹೀಗನ್ನುವ ಅತ್ತೆಯೇ ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಮಲಗಿ, ಸೆರಗಿನ ಮರೆಯಲ್ಲಿ ಹಣ್ಣು ಜೋಡಿಸುವ ಆಟ ಆಡುತ್ತಿದ್ದರು! ನಾವು ನೋಡಿಯೂ ನೋಡದ ಹಾಗಿರುತ್ತಿದ್ದೆವು.

ಹಾಗಿರುವಾಗಲೇ ಅತ್ತೆ ಒಂದು ಕೆಲಸ ಮಾಡಿಬಿಟ್ಟರು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ದೂರದ ನೆಂಟರೊಬ್ಬರಿಗೆ, "ನಮ್ಮ ಕಿರಿಸೊಸೆ ಬತ್ತಾಳೆ, ಬರೋ ತಿಂಗಳ ಮೊದಲ ಸೋಮವಾರದಿಂದ ಕಳಿಸ್ತೀನಿ" ಅಂತ ಮಾತು ಕೊಟ್ಟು ಬಂದರು. ನಮ್ಮ ಕಡೆ ಮನೆಯ ಹಿರಿಯರು ಹೊರಗಿನವರಿಗೆ ಮಾತು ಕೊಟ್ಟರೆ ಮುಗಿಯಿತು, ಯಾರೂ ಅಲ್ಲಾಡಿಸೋ ಹಾಗಿಲ್ಲ. ಓರಗಿತ್ತಿ ಮದುವೆಗೆ ಮುಂಚೆ ಅಂಥದೇ ಕಡೆ ಕೆಲಸ ಮಾಡಿದ್ದಳು. "ಸಂಜೆ ಹೊತ್ತಿಗೆ ಬೆರಳು ಮಡಚೋಕೆ ಆಗಲ್ಲ ಅಕ್ಕಾ. ಆಮೇಲೆ ಯಾವ ಚಿತ್ರ, ಯಾವ ಮಣ್ಣು" ಅಂದಳು. ಅತ್ತೆಯ ಮುಂದೆ ಮಾತ್ರ ತುಟಿ ಬಿಚ್ಚಲಿಲ್ಲ. ನನಗೆ ಅವಳ ಮೇಲೂ ಸಿಟ್ಟು ಬಂತು, ಅತ್ತೆಯ ಮೇಲೂ ಬಂತು.

ಆಗ ಬೆಂಗಳೂರಿನ ಒಂದು ಸಂಸ್ಥೆಯ ಪ್ರಕಟಣೆ ನನ್ನ ಫೋನಿನಲ್ಲಿ ಕಂಡಿತು. ಹೊಸಬರು ತಾವು ಮಾಡಿದ ಗೇಮಿನ ಒಂದು ತುಣುಕು ಕಳಿಸಬೇಕು. ಜೊತೆಗೆ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು: ಇನ್ನು ಐದು ವರ್ಷಕ್ಕೆ ನಮ್ಮ ದೇಶದ ಗೇಮ್ ಉದ್ಯಮ ಹೇಗಿರುತ್ತದೆ? ಆಯ್ಕೆಯಾದವರಿಗೆ ಒಂದು ವರ್ಷ ಸಂಬಳದ ಹಾಗೆ ಕೊಡುತ್ತಾರೆ, ಮನೆಯಲ್ಲೇ ಕೂತು ಗೇಮ್ ಪೂರ್ತಿ ಮಾಡಬಹುದು. ಅಂದರೆ ಓರಗಿತ್ತಿ ಕಾರ್ಖಾನೆಗೆ ಹೋಗಬೇಕಾಗಿಲ್ಲ! ನಾನು ಕುಣಿದುಬಿಟ್ಟೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು, ಹೋಗಲಿ ಬುಡು ಅಂದೆ.

ಗೇಮ್ ನಮ್ಮ ಹತ್ತಿರ ಇತ್ತು. ಭವಿಷ್ಯ ಹೇಳೋದೇ ಕಷ್ಟವಾಗಿದ್ದು. ನಾನು ಯೂಟ್ಯೂಬಿನಲ್ಲಿ ಸಿಕ್ಕ ಪಂಡಿತರನ್ನೆಲ್ಲಾ ನೋಡಿ ಉದ್ದಕ್ಕೆ ಬರೆದೆ. ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಕೊಂಡು ಆಡುವ ಆಟ ಬರುತ್ತದೆ, ಕ್ರಿಕೆಟ್ಟಿನ ಹಾಗೆ ಸ್ಟೇಡಿಯಂ ತುಂಬಾ ಜನ ಕೂತು ಗೇಮ್ ನೋಡುತ್ತಾರೆ, ಕಂಪ್ಯೂಟರೇ ಕಥೆ ಕಟ್ಟುತ್ತದೆ. ಹೀಗೇ ಇನ್ನೂ ಏನೇನೋ. ಓರಗಿತ್ತಿಗೆ ಓದಿ ಹೇಳಿದೆ. ಅವಳು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

"ಅಕ್ಕಾ, ಆ ಕನ್ನಡಕ ಹಾಕ್ಕೊಂಡು ನಾನು ಎಮ್ಮೆ ಹಾಲು ಕರೀಬೇಕಾ? ಇದೆಲ್ಲಾ ಬೆಂಗಳೂರಿನೋರಿಗೆ ಗೊತ್ತಿಲ್ವಾ? ಅವರಿಗೆ ಗೊತ್ತಿರೋದನ್ನ ಅವರಿಗೇ ಯಾಕೆ ಹೇಳ್ತೀಯಾ?"

ಉರಿದುಹೋಯಿತು ನನಗೆ. ಆದರೆ ಅವಳು ಹೇಳಿದ್ದು ಸರಿಯಾಗೇ ಇತ್ತು. ಬರೆದಿದ್ದನ್ನೆಲ್ಲಾ ಅಳಿಸಿ ಹಾಕಿದೆ. ನಮ್ಮ ಜನ ಏನು ಆಡುತ್ತಾರೆ, ಹೇಗೆ ಆಡುತ್ತಾರೆ, ಅದನ್ನಾದರೂ ನೋಡೋಣ ಅಂತ ಇಬ್ಬರೂ ಬಸ್ಸು ಹತ್ತಿದೆವು.

ಮೊದಲು ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋದೆವು. ಹರಾಜಿನ ಧಾರಣೆ ತಿಳಿಯೋಕೆ ಕಾಯುತ್ತಾ ಚೀಲಗಳ ಮೇಲೆ ಕೂತ ರೈತರ ಕೈಯಲ್ಲೆಲ್ಲಾ ಫೋನು, ಫೋನಿನಲ್ಲಿ ಲೂಡೋ, ಕೇರಂ, ಕ್ರಿಕೆಟ್. ಆಮೇಲೆ ಒಂದು ಟೈಲರ್ ಅಂಗಡಿಗೆ ನುಗ್ಗಿದೆ. ಅಲ್ಲಿನ ಭಾಬಿ ನನಗೆ ಮೊದಲಿಂದ ಪರಿಚಯ. ಅವರು ಎಡಗೈಯಲ್ಲಿ ರವಿಕೆ ಹಿಡಿದು, ಬಲಗೈ ಹೆಬ್ಬೆರಳಲ್ಲಿ ಬಸ್ಸು ಓಡಿಸುವ ಗೇಮ್ ಆಡುತ್ತಿದ್ದರು. ಅಲ್ಲಿಂದ ಹುಳಿಯಾರಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದ ಯಜಮಾನರೊಬ್ಬರು ಊರು ಬರೋವರೆಗೂ ಹಾವಿನ ಆಟದಿಂದ ತಲೆ ಎತ್ತಲಿಲ್ಲ. ಗೇಮ್ ಆಡುವವರು ಅಂದರೆ ಕಾಲೇಜು ಹುಡುಗರು ಅಂತ ನನಗೆ ಹೇಳಿದ್ದು ಯಾವನಪ್ಪಾ?

ವಾಪಸ್ ಬರುವಾಗ ಓರಗಿತ್ತಿ ನನ್ನ ತೊಡೆಗೆ ಜೋರಾಗಿ ಗಿಲ್ಲಿದಳು.

"ಅಕ್ಕಾ, ಕೇಳಿಸ್ಕೊಂಡ್ಯಾ? ಒಬ್ಬರೂ ಪರದೆ ಮೇಲಿನ ಅಕ್ಷರ ಓದಲ್ಲ. ಆಟ ಇಂಗ್ಲಿಷಲ್ಲಿ ಏನೋ ಒದರ್ತಾ ಇರುತ್ತೆ, ಇವರು ಅದಕ್ಕೆ ನಮ್ಮ ಮಾತಲ್ಲಿ ಬಯ್ತಾ ಇರ್ತಾರೆ. ಆ ಯಜಮಾನ್ರು ಹಾವಿಗೆ ಎಷ್ಟು ಬಯ್ದರು!"

ನಾನು ಸೀಟಿನಿಂದ ಎದ್ದೇ ನಿಂತೆ. ಸಿಕ್ಕಿತು! ಇಷ್ಟೂ ಜನ ಆಟಕ್ಕೆ ಬಯ್ಯುತ್ತಿದ್ದಾರೆ, ಆಟ ಮಾತ್ರ ತಿರುಗಿ ಬಯ್ಯುತ್ತಿಲ್ಲ! ಕಂಡಕ್ಟರು "ಕೂತ್ಕಳ್ಳಮ್ಮಾ, ಬಿದ್ದೋಗ್ತೀಯಾ" ಅಂತ ಗದರಿದರು. ಕೂತು, ಫೋನಿನಲ್ಲೇ ಬರೆಯೋಕೆ ಶುರು ಮಾಡಿದೆ. ಇನ್ನು ಐದು ವರ್ಷಕ್ಕೆ ನಮ್ಮ ದೇಶದಲ್ಲಿ ಗೇಮ್ ಆಡುವವರಲ್ಲಿ ಹೆಚ್ಚಿನವರು, ಇವತ್ತು ಯಾರೂ ಗೇಮ್ ಆಡುವವರು ಅಂತ ಲೆಕ್ಕಕ್ಕೆ ಹಿಡಿಯದ ಜನ. ಅವರಿಗೆ ಒಂದೇ ಕೈ ಖಾಲಿ ಇರುತ್ತದೆ. ಅವರು ಕಣ್ಣಿಗಿಂತ ಕಿವಿಯಲ್ಲಿ ಆಡುತ್ತಾರೆ. ಗೇಮ್ ಅವರ ಊರಿನ ಮಾತಿನಲ್ಲೇ ಅವರನ್ನು ಹೊಗಳುತ್ತದೆ, ರೇಗಿಸುತ್ತದೆ, ಬಯ್ಯುತ್ತದೆ. ಒಂದು ಜಿಲ್ಲೆಗೆ ಒಂದು ಮಾತು ಬೇಕು ಅಂದರೆ ಜಿಲ್ಲೆಗೊಂದು ಗೇಮ್ ಕಂಪನಿ ಹುಟ್ಟುತ್ತದೆ. ಬರೆಯುತ್ತಾ ಬರೆಯುತ್ತಾ ಮೈ ಬಿಸಿಯಾಯಿತು. ಆ ಕಾಲ ನನ್ನ ಕಣ್ಣೆದುರಿಗೇ ಬರುತ್ತಿದೆ ಅನ್ನಿಸಿತು.

ಆದರೆ ನಮ್ಮ ಗೇಮೇ ಮೂಕ ಬಸವನ ಹಾಗಿತ್ತಲ್ಲ! ಅದರಲ್ಲಿ ಆಟ ಅಂದರೆ ಇಷ್ಟೇ: ಅಟ್ಟದ ಮೇಲೆ ತೆಂಗಿನಕಾಯಿ ರಾಶಿ ಬಿದ್ದಿರುತ್ತದೆ. ಒಂದನ್ನು ಆರಿಸಿ ಫೋನ್ ಅಲ್ಲಾಡಿಸಿದರೆ ಕಾಯಿಯೊಳಗಿನ ಸದ್ದು ಕೇಳುತ್ತದೆ. ಒಡೆಯೋದೋ ಬಿಡೋದೋ ನೀವು ತೀರ್ಮಾನ ಮಾಡಬೇಕು. ತಪ್ಪು ಕಾಯಿ ಒಡೆದು ಸೋತಾಗ ಕೇಳಿಸುವ ಬೈಗುಳಕ್ಕೆ ಯಾರ ಧ್ವನಿ ಹಾಕೋಣ ಅಂತ ನಾವಿಬ್ಬರೂ ಯೋಚಿಸಲೇ ಇಲ್ಲ, ಇಬ್ಬರೂ ಒಟ್ಟಿಗೆ ಅಡುಗೆಮನೆ ಕಡೆ ನೋಡಿದೆವು.

"ನಾನು ಬಯ್ಯೋಳಾ?" ಅಂದರು ಅತ್ತೆ. "ನನಗೆ ಬಯ್ಯೋಕೆ ಬರಲ್ಲ ಕಣ್ರೇ."

ಫೋನನ್ನು ಅವರ ಬಾಯಿ ಹತ್ತಿರ ಹಿಡಿದು, ನಾನು ಬೇಕಂತಲೇ ಮೊಸರಿನ ಗಡಿಗೆಯ ಮುಚ್ಚಳ ಕೆಳಗೆ ಬೀಳಿಸಿದೆ. "ಅಯ್ಯೋ ನಿನ್ನ ಮನೆ ಹಾಳಾಗ! ಕೈಯಾಗೇನು ಲಕ್ವ ಹೊಡ್ದೈತಾ? ಕಣ್ಣು ನೆತ್ತಿ ಮ್ಯಾಲೆ ಇಟ್ಕೊಂಡು ಓಡಾಡು!" ಆಹಾ, ಒಂದೇ ಉಸಿರಿಗೆ! ರೆಕಾರ್ಡ್ ಆಯಿತು. ಆಮೇಲೆ ಅದನ್ನು ಅವರಿಗೇ ಕೇಳಿಸಿದಾಗ ನಾಚಿಕೊಂಡರು, ಇನ್ನೊಂದು ಸಲ ಹಾಕು ಅಂದರು. ಬಳಿಕ ಯಾವ ಮುಚ್ಚಳವನ್ನೂ ಬೀಳಿಸಬೇಕಾಗಲಿಲ್ಲ. ಎಲ್ಲವನ್ನೂ ಗೇಮಿಗೆ ಹಾಕಿ, ಉತ್ತರ ಸೇರಿಸಿ ಕಳಿಸಿದೆವು.

ಸಂಸ್ಥೆಯವರು ಕರೆದರು! ಶುಕ್ರವಾರ ವಿಡಿಯೋ ಕಾಲಿನಲ್ಲಿ ಮಾತಾಡುತ್ತೇವೆ ಅಂದರು. ಓರಗಿತ್ತಿ ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡಳು. "ಲೇ, ಹೆಣ್ಣು ನೋಡೋಕೆ ಬತ್ತಾವ್ರೇನೇ?" ಅಂತ ರೇಗಿಸಿದೆ. ಅವಳು ನಗಲಿಲ್ಲ. ಆ ಶುಕ್ರವಾರ ಕಳೆದರೆ ಅವಳು ಕಾರ್ಖಾನೆಗೆ ಹೋಗಬೇಕಾದ ಸೋಮವಾರ. ಅತ್ತೆ ಕ್ಯಾಮೆರಾಗೆ ಕಾಣದ ಹಾಗೆ ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಾ ಕೂತರು.

ಪರದೆಯ ಮೇಲೆ ಮೂವರು ಕಾಣಿಸಿಕೊಂಡರು. ಮಂಗಳೂರು ಕಡೆಯ ಮೇಡಂ ಒಬ್ಬರು, ಕನ್ನಡವೇ ಬಾರದ ಹೈದರಾಬಾದಿನವರು ಒಬ್ಬರು, ಬೆಂಗಳೂರಿನವರು ಒಬ್ಬರು. ಮೇಡಂ ಮೊದಲ ಮಾತಿಗೇ, "ನಿಮ್ಮ ಗೇಮಿನಲ್ಲಿ ದೊಡ್ಡ ತಪ್ಪಿದೆ. ಸರಿಯಾದ ಕಾಯಿ ಒಡೆದರೆ ಸೋಲುತ್ತೇವೆ" ಅಂದರು.

"ಇಲ್ಲ ಮೇಡಂ, ಸರಿಯಾಗಿದೆ" ಅಂದೆ.

"ನೀರು ಕುಲುಕುವ ಕಾಯೇ ಒಳ್ಳೆಯ ಕಾಯಿ ಅಲ್ಲವಾ? ನೀರಿಲ್ಲದೆ ಲೊಟಲೊಟ ಅನ್ನುವುದನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ."

ನಮ್ಮಿಬ್ಬರ ಮುಖ ನೋಡಬೇಕಿತ್ತು! ನಮ್ಮ ಸೀಮೆಯಲ್ಲಿ ಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಇಡೋದೇ ಒಳಗಿನ ನೀರು ಆರಿ ಕೊಬ್ಬರಿ ಉಂಡೆಯಾಗಲಿ ಅಂತ. ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದರೇನೇ ಒಡೆಯೋದು. ನೀರಿರುವಾಗಲೇ ಒಡೆದರೆ ಅದು ಅಡುಗೆಗೆ ಆಯಿತು, ಮಾರುಕಟ್ಟೆಗಲ್ಲ. ಇದು ನಮಗೆ ನಡೆಯೋಕೆ ಕಲಿತಾಗಿಂದ ಗೊತ್ತು. ಲೋಕಕ್ಕೆಲ್ಲಾ ಗೊತ್ತು ಅಂದುಕೊಂಡು, ಗೇಮಿನಲ್ಲಿ ಒಂದು ಮಾತೂ ಹೇಳಿರಲಿಲ್ಲ. ಊರೂರಿನ ಜನರಿಗೆ ಏನು ಬೇಕು ಅಂತ ಅಷ್ಟುದ್ದ ಭವಿಷ್ಯ ಬರೆದವಳು ನಾನೇ! ಓರಗಿತ್ತಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಹೈದರಾಬಾದಿನವರು ನಗೋಕೆ ಶುರು ಮಾಡಿದರು. ತಾನೂ ಬರೀ ಸೋತೆ ಅಂತ ಇಂಗ್ಲಿಷಿನಲ್ಲಿ ಹೇಳಿದರು. ಮೊದಲು ಗೊತ್ತಿಲ್ಲದೆ ಸೋತರಂತೆ, ಆಮೇಲೆ ಬೇಕು ಬೇಕಂತಲೇ ಸೋತರಂತೆ. ಆ ಅಜ್ಜಿ ಬಯ್ಯೋದು ಕೇಳೋಕೆ! ಒಂದು ಪದವೂ ಅರ್ಥವಾಗಲಿಲ್ಲ, ಆದರೆ ತನ್ನ ಅಜ್ಜಿಯೇ ಬಯ್ದ ಹಾಗಾಯಿತು, ಹೆಂಡತಿಯನ್ನೂ ಕರೆದು ಕೇಳಿಸಿದೆ ಅಂದರು. ಮೇಡಂ ಕೂಡ ನಕ್ಕು, "ನಾನೂ ಹಾಗೇ ಮಾಡಿದೆ" ಅಂತ ಒಪ್ಪಿಕೊಂಡರು. "ಬೈಗುಳ ಇಷ್ಟೇನಾ, ಇನ್ನೂ ಇದೆಯಾ?"

ಅವರವರ ಮಾತಿಗೆ ಅವರವರೇ ಬರುತ್ತಾರೆ ಅಂತ ನಾನು ಬರೆದಿದ್ದೆ. ಆ ಮಾತು ಗೊತ್ತಿಲ್ಲದವರೂ ಬರುತ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ! ಹಾಗಿದ್ದರೆ ನಮ್ಮ ತುರುವೇಕೆರೆ ಬೈಗುಳ ಹೈದರಾಬಾದಿಗೂ ಹೋಗುತ್ತದೆ, ಅಲ್ಲಿಯದು ನಮ್ಮ ನಡುಮನೆಗೂ ಬರುತ್ತದೆ. ನಾನು ಹೇಳಿದ್ದಕ್ಕಿಂತ ದೊಡ್ಡದಾಗುತ್ತದೆ ಇದು. ಬಾಗಿಲ ಕಡೆ ನೋಡಿದೆ. ಅವರೆಕಾಯಿ ಮೊರದಲ್ಲೇ ಇತ್ತು, ಅತ್ತೆಯ ಕೈ ನಿಂತುಹೋಗಿತ್ತು.

ಆದರೆ ಬೆಂಗಳೂರಿನವರು ಕೊನೆಗೆ ಹೇಳಿದ್ದು ಬೇರೆ. ಈ ಸಲ ಆಯ್ಕೆ ಮಾಡೋಕೆ ಆಗಲ್ಲ. ಆಟ ಕಲಿಸುವ ಭಾಗ ಇಲ್ಲ, ಬೈಗುಳ ಸಾಲದು, ಅಟ್ಟದ ಚಿತ್ರಗಳು ಇನ್ನೂ ಬೇಕು. ಮೂರು ತಿಂಗಳು ಕೂತು ಮಾಡಿ ಕಳಿಸಿ, ನೋಡುತ್ತೇವೆ, ಭರವಸೆ ಕೊಡುವುದಿಲ್ಲ ಅಂದರು. ಕಾಲ್ ಮುಗಿಯಿತು. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು, ಅಳಬೇಕು ಅಂತಲೂ ಅನ್ನಿಸುತ್ತಿತ್ತು. ಮೂರು ತಿಂಗಳು ಕೂತು ಚಿತ್ರ ಬರೆಯಬೇಕಾದವಳು ಸೋಮವಾರ ಕಾರ್ಖಾನೆಗೆ ಹೋಗಬೇಕು. ಓರಗಿತ್ತಿ ರೇಷ್ಮೆ ಸೀರೆ ಬಿಚ್ಚಿ ಮಡಚಿಟ್ಟು ಅಡುಗೆಮನೆಗೆ ಹೋದಳು. ಶನಿವಾರ, ಭಾನುವಾರ ಮನೆಯಲ್ಲಿ ಪಾತ್ರೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸೋಮವಾರ ಬೆಳಿಗ್ಗೆ ಓರಗಿತ್ತಿ ಬಿಗಿಯಾಗಿ ಜಡೆ ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ಹಿಡಿದು ಜಗಲಿಯ ಮೇಲೆ ನಿಂತಿದ್ದಳು. ನನಗೆ ಅವಳ ಮುಖ ನೋಡೋಕೆ ಆಗಲಿಲ್ಲ. ಕಾರ್ಖಾನೆಯ ವ್ಯಾನು ಬಂದು ಹಾರನ್ ಹೊಡೆಯಿತು. ಅವಳು ಮೆಟ್ಟಿಲು ಇಳಿಯೋದರೊಳಗೆ ಅತ್ತೆ ಕೊಟ್ಟಿಗೆ ಕಡೆಯಿಂದ ಬಂದು, ಸಗಣಿ ಕೈಯಲ್ಲೇ ಗೇಟಿಗೆ ಅಡ್ಡ ನಿಂತರು.

"ಹೋಗಪ್ಪಾ. ಅವಳು ಬರಲ್ಲ."

ಡ್ರೈವರ್ ಇಂಜಿನ್ ಆಫ್ ಮಾಡಿದ. "ಏನಮ್ಮಾ ಇದು? ನೀವೇ ಮಾತು ಕೊಟ್ಟಿದ್ರಂತೆ?"

"ಹೂಂ, ನಾನೇ ಕೊಟ್ಟಿದ್ದು" ಅಂದರು ಅತ್ತೆ. ವ್ಯಾನಿನೊಳಗಿದ್ದ ಹೆಂಗಸರೆಲ್ಲಾ ಕಿಟಕಿಯಿಂದ ನೋಡುತ್ತಿದ್ದರು. ಅತ್ತೆಯ ಧ್ವನಿ ಒಂದಿಷ್ಟೂ ತಗ್ಗಲಿಲ್ಲ. "ಅವಳನ್ನ ಒಂದು ಮಾತೂ ಕೇಳ್ದೆ ಕೊಟ್ಟಿದ್ದೆ. ಅದಕ್ಕೇ ನಾನೇ ವಾಪಸ್ ತಗೊಳ್ಳೋಕೆ ಬಂದಿವ್ನಿ."