ಬಣ್ಣದ ಪಾಟಿಯನ್ನು ನಂಬದ ಕಳಕವ್ವ

ಬೆಳಗಿನ ಆರೂಕಾಲು. ಬೆಟಗೇರಿಯ ಹಳೆಯ ಮಗ್ಗದ ಮನೆಯೊಂದರ ಮಾಳಿಗೆಯ ಮೇಲೆ ಐವತ್ತೆರಡು ವರ್ಷದ ಕಳಕವ್ವ ಚಾಪೆ ಹಾಸಿ ಕುಳಿತಿದ್ದಾರೆ. ತೊಡೆಯ ಮೇಲೆ ಚೌಕಳಿ ಹಾಳೆ, ಅದರ ಮೇಲೆ ಪೆನ್ಸಿಲ್ಲಿನಿಂದ ಬಿಡಿಸಿದ ಒಂದು ಬಾಗಿದ ಗೆರೆ. ಎಡಗೈಯಲ್ಲಿ ಅಂಗೈಯಗಲದ ಯಂತ್ರ, ಅದರ ಪರದೆಯ ಮೇಲೂ ಅದೇ ಗೆರೆ, ಕೆಂಪು ಬಣ್ಣದ್ದು. ಅವರು ಮೊದಲು ಹಾಳೆ ನೋಡುತ್ತಾರೆ, ಆಮೇಲೆ ಪರದೆ. ಈ ಕ್ರಮ ಎಂದೂ ತಪ್ಪುವುದಿಲ್ಲ. ಯಂತ್ರದ್ದನ್ನು ಮೊದಲು ನೋಡಿದರೆ ಕಣ್ಣು ಯಂತ್ರದ ಕಡೆಯದಾಗಿಬಿಡುತ್ತದೆ ಎಂಬುದು ಅವರ ಗುಮಾನಿ.

ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು, ಯಂತ್ರವನ್ನು ಬಿಸಿಲಿಗೆ ಓರೆ ಮಾಡಿ, ಕಳಕವ್ವ ಕಣ್ಣು ಕಿರಿದು ಮಾಡುತ್ತಾರೆ. ಕೆಳಗಿನ ಕೋಣೆಯಲ್ಲಿ ಟ್ಯೂಬ್‌ಲೈಟು ಇರುವಾಗ ಮೇಲೆ ಯಾಕೆ ಎಂದರೆ ಉತ್ತರ ಸಿದ್ಧವಿದೆ: "ದೀಪದ ಬೆಳಕಿನ್ಯಾಗ ಎಲ್ಲಾ ಬಣ್ಣ ಛಲೋನ ಕಾಣ್ತಾವ್ರಿ. ಹುಡುಗ್ರು ಕುಂಡ್ರೂದು ಕಿಡಕಿ ಬಾಜೂಕ. ಅಲ್ಲಿ ಕಾಣಬೇಕಲ್ಲ?"

ಯಂತ್ರ ಏನೆಂದು ಹೇಳಬೇಕು. ವಿದ್ಯಾರ್ಥಿಗಳು ಸಮೀಕರಣ ಒತ್ತಿದರೆ ಅದರ ಗೆರೆಯನ್ನು ಬಣ್ಣದಲ್ಲಿ ಬಿಡಿಸಿ ತೋರಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರು ಇದು. ಒಂದು ಸಮೀಕರಣ ಕೆಂಪು, ಇನ್ನೊಂದು ಹಸಿರು, ಮೂರನೆಯದು ನೀಲಿ. ಹೊರದೇಶದ ಇಂಥ ಯಂತ್ರ ನಮ್ಮ ಹಳ್ಳಿಯ ಮಕ್ಕಳ ಕೈಗೆ ನಿಲುಕುವುದಲ್ಲ. ಹುಲಕೋಟಿಯ ಸಿದ್ದಾರೂಢ ಎಂಬ ನಲವತ್ತರ ಇಂಜಿನಿಯರು ಮೂರು ವರ್ಷದಿಂದ ಬೋರ್ಡಿಲ್ಲದ ಈ ಮನೆಯಲ್ಲಿ ಅದನ್ನು ಕಟ್ಟುತ್ತಿದ್ದಾರೆ. ಒಳಗಿನ ಪ್ರೋಗ್ರಾಂ ಬರೆಯುವವಳು ದಿನಾ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬರುವ ಶಿವರಂಜನಿ. ಇಲ್ಲಿ ಎಲ್ಲರೂ ಯಂತ್ರವನ್ನು ಪಾಟಿ, ಅಂದರೆ ಸ್ಲೇಟು, ಎಂದೇ ಕರೆಯುತ್ತಾರೆ. ಊರಿನ ಜನ ಇವರಿಬ್ಬರನ್ನು ಕಂಡು ಭಲೇ ಅನ್ನುತ್ತಾರೆ. ಮಾಳಿಗೆಯ ಮೇಲಿನ ಹೆಣ್ಣುಮಗಳು ಯಾರ ಕಣ್ಣಿಗೂ ಬಿದ್ದಿಲ್ಲ.

ಕಳಕವ್ವ ಓದಿದ್ದು ಏಳನೆಯ ಇಯತ್ತೆ. ತಂದೆ ಹುಚ್ಚೀರಪ್ಪ ಸೀರೆಯ ಅಂಚು ಸೆರಗಿಗೆ ನಕ್ಷೆ ಬಿಡಿಸುತ್ತಿದ್ದವರು. ಹಾಳೆಯ ಒಂದು ಚೌಕ ಅಂದರೆ ಮಗ್ಗದ ಒಂದು ಎಳೆ. ತುಂಬಿದ ಚೌಕದಲ್ಲಿ ಬಣ್ಣದ ನೂಲು ಮೇಲೆ ಬರಬೇಕು, ಖಾಲಿ ಚೌಕದಲ್ಲಿ ಬರಬಾರದು. ಒಂಬತ್ತನೆಯ ವಯಸ್ಸಿಗೇ ಮಗಳ ಕೈಗೆ ಪೆನ್ಸಿಲ್ ಬಂತು. ನಲವತ್ತು ವರ್ಷ ಅವರು ಬಿಡಿಸಿದ ನಕ್ಷೆಯ ಸೀರೆಗಳನ್ನು ಎಷ್ಟು ಜನ ಉಟ್ಟರೋ ಲೆಕ್ಕವಿಲ್ಲ. ಆಮೇಲೆ ನಕ್ಷೆ ಕಂಪ್ಯೂಟರಿಗೆ ಹೋಯಿತು, ಕೈಮಗ್ಗಗಳ ಸದ್ದು ಓಣಿಯಿಂದ ಓಣಿಗೆ ಅಡಗಿತು. ಮೊಣಕಾಲು ಹಿಡಿದುಕೊಂಡಿತು. ಎರಡು ವರ್ಷದ ಹಿಂದೆ ಎಡಗಣ್ಣಿನ ಪೊರೆಯನ್ನೂ ತೆಗೆಸಬೇಕಾಯಿತು.

ಇಲ್ಲಿ ಕೆಲಸ ಸಿಕ್ಕಿದ್ದು ಬೇರೆಯವರ ಕಳ್ಳಾಟದಿಂದ. ಯಂತ್ರ ಬಿಡಿಸುವ ಪ್ರತಿ ಗೆರೆಯನ್ನೂ ಕೈಯಲ್ಲಿ ಬಿಡಿಸಿ ತಾಳೆ ನೋಡಲು ಸಿದ್ದಾರೂಢ ಇಬ್ಬರು ಪದವೀಧರರನ್ನು ಇಟ್ಟುಕೊಂಡಿದ್ದರು. ಆ ಪುಣ್ಯಾತ್ಮರು ಪರದೆ ನೋಡಿಯೇ ಹಾಳೆಯ ಮೇಲೆ ನಕಲು ಮಾಡಿ, ತಾಳೆಯಾಯಿತು ಎಂದು ಬರೆಯುತ್ತಿದ್ದರು. ಮೂರು ತಿಂಗಳಲ್ಲಿ ಒಂದೂ ತಪ್ಪು ಸಿಗದಿದ್ದಾಗ ಸಿದ್ದಾರೂಢರಿಗೆ ವಾಸನೆ ಬಡಿಯಿತು. ಇಬ್ಬರನ್ನೂ ಮನೆಗೆ ಕಳಿಸಿ, ಹಿಂದಿನ ಓಣಿಯಲ್ಲಿ ನಕ್ಷೆ ಬಿಡಿಸುವ ಹೆಂಗಸು ಇದ್ದಾಳೆಂದು ಕೇಳಿ ಬಂದರು. "ನನಗ ಗಣಿತ ಬರೂದಿಲ್ರಿ," ಎಂದು ಕಳಕವ್ವ ಅವತ್ತೇ ಹೇಳಿಬಿಟ್ಟರು. "ಕೊಟ್ಟ ಅಂಕಿ ಪ್ರಕಾರ ಚುಕ್ಕಿ ಇಡೂದು ಬರ್ತೈತಿ. ಎಲ್ಲಿ ಇಡಬಾರ್ದು, ಅದೂ ಗೊತ್ತೈತಿ."

ಈಗ ದಿನಕ್ಕೆ ಮೂವತ್ತು ಪಾಟಿ, ಒಂದೊಂದರ ಮೇಲೆ ಹನ್ನೆರಡು ಚಿತ್ರ. ಬೆಳಗ್ಗೆ ಬಣ್ಣ, ಹತ್ತರ ಮೇಲೆ ಕೆಳಗೆ ಕುಳಿತು ಗೆರೆಯ ಅಳತೆ. ಪಾಸಾದ ಪಾಟಿಯ ಹಿಂದಿನ ಮುಚ್ಚಳದೊಳಗೆ ಹಸಿರು ಮಸಿಯ ಒಂದು ಚುಕ್ಕಿ ಇಡುತ್ತಾರೆ. ಚುಕ್ಕಿ ಇಲ್ಲದ್ದು ಪೆಟ್ಟಿಗೆ ಸೇರುವಂತಿಲ್ಲ. ಇವರ ಸಂಶಯದ ಸ್ವಭಾವ ಮನೆಯಲ್ಲೂ ನಗೆಯ ವಸ್ತು. "ಚಾದ ಬಶಿಯೊಳಗೂ ಗೆರಿ ಹುಡುಕ್ತಾಳ್ರಿ ಇಕಿ. ನನಗಿನ್ನೂ ಹಸ್ರು ಚುಕ್ಕಿ ಸಿಕ್ಕಿಲ್ಲ," ಎಂದು ಗಂಡ ಪರಶುರಾಮ ಛೇಡಿಸುತ್ತಾರೆ. ಮೂವತ್ತು ವರ್ಷದಿಂದ ತಪಾಸಣೆ ನಡೆದಿದೆ, ಮುಗಿದಿಲ್ಲ ಎಂದು ಕಳಕವ್ವ ಕೆಲಸದಿಂದ ಕಣ್ಣೆತ್ತದೆ ಹೇಳುತ್ತಾರೆ.

ಈ ಚುಕ್ಕಿಯೇ ಹೋದ ಚಳಿಗಾಲದಲ್ಲಿ ಜಗಳ ತಂದಿತು. ಮುಂಡರಗಿ, ಶಿರಹಟ್ಟಿ ತಾಲೂಕಿನ ಶಾಲೆಗಳಿಗೆ ಮೊದಲ ಸಲ ಇನ್ನೂರ ನಲವತ್ತು ಪಾಟಿ ಹೋಗಬೇಕಿತ್ತು. ಸೋಮವಾರ ಗಾಡಿ ಹೊರಡುವುದೆಂದು ಗೊತ್ತಾಗಿತ್ತು. ಗುರುವಾರ ಬೆಳಗ್ಗೆ ಕಳಕವ್ವ ಮಾಳಿಗೆಯಿಂದ ಇಳಿದು ಬಂದು, ಒಂದಕ್ಕೂ ಚುಕ್ಕಿ ಇಡುವುದಿಲ್ಲ ಎಂದರು.

ವಿಷಯ ಸಣ್ಣದು. ಒಂದನ್ನು ಬೇರೆ ಬೇರೆ ಸಂಖ್ಯೆಯಿಂದ ಭಾಗಿಸುವ ಲೆಕ್ಕ ಅದು. ಎರಡರಿಂದ ಭಾಗಿಸಿದರೆ ಅರ್ಧ, ಅರ್ಧದಿಂದ ಭಾಗಿಸಿದರೆ ಎರಡು. ಸಂಖ್ಯೆ ಸೊನ್ನೆಯ ಹತ್ತಿರ ಬಂದಷ್ಟೂ ಗೆರೆ ಮುಗಿಲಿಗೆ ಏರುತ್ತದೆ. ಸೊನ್ನೆಯ ಆಚೆ, ಋಣಸಂಖ್ಯೆಗಳ ಕಡೆ, ಪಾತಾಳಕ್ಕೆ ಇಳಿಯುತ್ತದೆ. ಸೊನ್ನೆಯಲ್ಲಿ ಮಾತ್ರ ಉತ್ತರವೇ ಇಲ್ಲ. ಕಳಕವ್ವನಿಗೆ ಕೊಟ್ಟ ಅಂಕಿಗಳ ಪಟ್ಟಿಯಲ್ಲೂ ಸೊನ್ನೆಯ ಮುಂದಿನ ಮನೆ ಖಾಲಿ ಇತ್ತು. ಅವರ ಹಾಳೆಯಲ್ಲಿ ಎರಡು ಬೇರೆ ಬೇರೆ ಬಾಗಿದ ಗೆರೆ, ನಡುವೆ ಏನೂ ಇಲ್ಲ. ಪರದೆಯ ಮೇಲಾದರೋ ನಟ್ಟನಡುವೆ, ಕಪ್ಪು ಅಕ್ಷದ ಮೈಗೆ ಅಂಟಿಕೊಂಡು, ಕೆಳಗಿನಿಂದ ಮೇಲಿನವರೆಗೆ ಕೂದಲಿನಂಥ ಕೆಂಪು ಗೆರೆ ನಿಂತಿತ್ತು.

ಮಗ್ಗದವರಿಗೆ ಅದು ಪರಿಚಿತ ತಪ್ಪು. ಒಂದು ಹೂವು ಮುಗಿದು ಅದೇ ಬಣ್ಣ ದೂರದ ಇನ್ನೊಂದು ಹೂವಿನಲ್ಲಿ ಶುರುವಾಗುವಾಗ ನಡುವಿನ ನೂಲನ್ನು ಕತ್ತರಿಸಬೇಕು. ಬಿಟ್ಟರೆ ಜೋತುಬೀಳುತ್ತದೆ. "ಇದು ಕತ್ತರಿಸದ ಎಳಿ ರೀ," ಎಂದರು ಕಳಕವ್ವ. "ಸೀರಿಯೊಳಗ ಹಿಂದ ಇರತೈತಿ, ಉಟ್ಟಾಕಿಗೆ ಕಾಣೂದಿಲ್ಲ. ಇದರೊಳಗ ಮುಂದ ಬಂದೈತಿ. ಹುಡುಗ್ರು ಇದನ್ನೂ ಖರೆ ಅಂತ ಬರಕೋತಾರ."

ಶಿವರಂಜನಿಗೆ ಅದು ಹೊಸದೇನಲ್ಲ. ಅವಳೂ ಕೆಂಪು ಛಾಯೆ ಕಂಡಿದ್ದಳು. ಆದರೆ ಪರದೆ ಕಳಿಸಿದವನು ಅಗ್ಗದ ಮಾಲು ಕೊಟ್ಟಿದ್ದಾನೆ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತಿದೆ ಎಂದುಕೊಂಡು ಒಂದು ತಿಂಗಳಿಂದ ಅವನ ಜೊತೆ ಫೋನಿನಲ್ಲಿ ಜಗಳಾಡುತ್ತಿದ್ದಳು. ಮೊದಲು ಕಟ್ಟಿದ ಕಪ್ಪು ಬಿಳುಪಿನ ಮಾದರಿಯಲ್ಲಿ ಈ ಗೆರೆ ಯಾರಿಗೂ ಕಂಡಿರಲಿಲ್ಲ. ಅಕ್ಷವೂ ಕಪ್ಪು, ಸುಳ್ಳು ಗೆರೆಯೂ ಕಪ್ಪು. ಬಣ್ಣ ಬಂದ ಮೇಲೆ ಕಳ್ಳ ಕಾಣಿಸಿಕೊಂಡ, ಆದರೂ ಅವನನ್ನು ಹಿಡಿಯದೆ ಇವರು ಪರದೆಯವನ ಮೇಲೆ ಹರಿಹಾಯುತ್ತಿದ್ದರು.

ಸಿದ್ದಾರೂಢ ಬಂದರು. ಒಂದು ಪಾಟಿ ತೆಗೆದುಕೊಂಡು ತಾವೇ ಲೆಕ್ಕ ಒತ್ತಿದರು. ಗೆರೆ ಎಲ್ಲಿಂದ ಎಲ್ಲಿಯವರೆಗೆ ಕಾಣಬೇಕೆಂದು ಅಂಕಿ ಒತ್ತುವ ಬದಲು, ಬೇಗ ಆಗಲೆಂದು ಸಿದ್ಧ ಅಳತೆಯ ಗುಂಡಿ ಅದುಮಿದರು. ಪರದೆ ಬೆಳಗಿತು. ಎರಡು ಬಾಗಿದ ಗೆರೆ, ನಡುವೆ ಶುದ್ಧ ಕಪ್ಪು ಅಕ್ಷ. ಕೆಂಪು ಎಳೆಯ ಸುಳಿವಿಲ್ಲ.

"ಎಲ್ಲೈತ್ರಿ ಅಕ್ಕಾರ ನಿಮ್ಮ ಎಳಿ?"

"ಈಗ ಇತ್ತು."

"ಎಡಗಣ್ಣು ಒಮ್ಮೆ ಡಾಕ್ಟರಿಗೆ ತೋರಿಸ್ಕೊಂಡ ಬರ್ರಿ."

ಅಲ್ಲಿಗೆ ಕೋಣೆಯಲ್ಲಿದ್ದ ಮೂವರಿಗೂ ಮೂರು ಗುಮಾನಿ. ಹುಬ್ಬಳ್ಳಿಯಿಂದ ಯಾರೋ ಒಬ್ಬ ಮಾದರಿ ನೋಡುವ ನೆಪದಲ್ಲಿ ಎರಡು ಸಲ ಬಂದು ಹೋಗಿದ್ದ, ಅವನೇನಾದರೂ ಈ ಹೆಂಗಸಿನ ಕಿವಿ ಊದಿದ್ದಾನೆಯೇ ಎಂದು ಸಿದ್ದಾರೂಢರಿಗೆ. ಪರದೆಯವನ ಅಗ್ಗದ ಮಾಲು ಒಮ್ಮೆ ಬಣ್ಣ ಬಿಡುತ್ತದೆ, ಒಮ್ಮೆ ಬಿಡುವುದಿಲ್ಲ ಎಂದು ಶಿವರಂಜನಿಗೆ. ಕಳಕವ್ವನಿಗೆ ಮಾತ್ರ ಸಿದ್ದಾರೂಢರ ಹೆಬ್ಬೆರಳಿನ ಮೇಲೆ. ತಾನು ಒತ್ತಿದ ಗುಂಡಿ ಬಿಟ್ಟು ಬೇರೆ ಗುಂಡಿ ಯಾಕೆ ಒತ್ತಿದರು? ಕಣ್ಣು ಮಂಜಾಗಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ, ಗಾಡಿಯಂತೂ ನಿಲ್ಲುವುದಿಲ್ಲ ಎಂದು ಸಿದ್ದಾರೂಢ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು. ಕೆಲಸ ಹೋಗುವುದು ಒಂದು ಮಾತು. ಆದರೆ ಕಣ್ಣು ಹೋಗಿದೆ ಎನ್ನಿಸಿಕೊಂಡರೆ ನಕ್ಷೆಯವಳ ನಲವತ್ತು ವರ್ಷವೂ ಅದರ ಜೊತೆಗೇ ಹೋಗುತ್ತದೆ. ನಾಳೆ ಬೆಳಗಿನವರೆಗೆ ಸಮಯ ಕೊಡಿ ಎಂದು ಕಳಕವ್ವ ಕೇಳಿದರು.

ಶುಕ್ರವಾರ ಬೆಳಕು ಹರಿಯುವಾಗ ಅವರು ಮಾಳಿಗೆಯ ಮೇಲಿದ್ದರು. ಸೆರಗಿನಲ್ಲಿ ಅಪ್ಪನ ಕಾಲದ ಎಳೆ ಎಣಿಸುವ ಭೂತಗನ್ನಡಿ, ಉಡಿಯಲ್ಲಿ ಒಂದು ಹಿಡಿ ಹುಣಸೆ ಬೀಜ. ನಕ್ಷೆಯವರು ಬಟ್ಟೆಯ ಮೇಲೆ ತಪ್ಪು ಕಂಡರೆ ಮೊದಲು ತಪ್ಪನ್ನು ನೋಡುವುದಿಲ್ಲ, ಅಂಚಿನಿಂದ ಎಳೆ ಎಣಿಸುತ್ತ ಬರುತ್ತಾರೆ. ಭೂತಗನ್ನಡಿಯಲ್ಲಿ ಪರದೆಯ ಚುಕ್ಕಿಗಳು ಬಿಡಿಬಿಡಿಯಾಗಿ ಕಂಡವು, ಒಂದೊಂದರೊಳಗೂ ಕೆಂಪು ಹಸಿರು ನೀಲಿಯ ಮೂರು ಪುಟ್ಟ ಕಡ್ಡಿ. ಎಡದಿಂದ ಬಲಕ್ಕೆ ಎಣಿಸುತ್ತ ಹೋದರು. ಚುಕ್ಕಿ ಅಂದರೆ ಅವರಿಗೆ ಎಳೆ, ಹತ್ತು ಎಳೆಗೆ ಒಂದು ಬೀಜ. ಎರಡು ಸಲ ಲೆಕ್ಕ ತಪ್ಪಿ ಮತ್ತೆ ಅಂಚಿಗೆ ಬಂದರು. ಆಮೇಲೆ ಮೂರು ಸಲ ಒಂದೇ ಲೆಕ್ಕ ಬಂತು.

ಎಂಟರ ಸುಮಾರಿಗೆ ಶಿವರಂಜನಿ ಬಸ್ಸಿಳಿದು ಬಂದಾಗ ಮೇಜಿನ ಮೇಲೆ ಬೀಜ ಸಾಲಾಗಿದ್ದವು. "ಎಣಿಸು ತಂಗಿ," ಎಂದರು ಕಳಕವ್ವ. ಮೂವತ್ತೆರಡು. ಮುನ್ನೂರಾ ಇಪ್ಪತ್ತು ಎಳೆ. ಅದು ಪರದೆಯ ಅಳತೆ, ಎಲ್ಲ ಪರದೆಯೂ ಹಾಗೇ ಬರುತ್ತದೆ ಎಂದು ಶಿವರಂಜನಿ ಹೇಳಿದಳು.

"ಆತು. ಇದರಾಗ ನಡುವಿಂದು ಯಾವ್ದು, ತೋರ್ಸು."

ಶಿವರಂಜನಿ ಪರದೆಯ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

ಬೆಟಗೇರಿಯಲ್ಲಿ ಸೀರೆಯ ಹೂವನ್ನು ಕಳಕವ್ವನ ಮನೆಯವರು ಯಾವತ್ತೂ ಬೆಸ ಎಳೆಯ ಮೇಲೇ ಕೂರಿಸುತ್ತಿದ್ದರು. ಎರಡೂ ಪಕ್ಕ ಸಮ, ನಡುವೆ ಒಂದು ಎಳೆ, ಆ ಎಳೆಯ ಮೇಲೆ ಹೂವಿನ ತುದಿ. ಸಮ ಎಳೆ ಹಿಡಿದರೆ ನಡುವೇ ಇರುವುದಿಲ್ಲ. ಎಳೆ ಸಮ ಹಿಡಿದಾಗಲೆಲ್ಲ ಹುಚ್ಚೀರಪ್ಪ ಮಗಳ ಬೆರಳ ಗೆಣ್ಣಿಗೆ ಅಳತೆಪಟ್ಟಿಯಿಂದ ಬಡಿಯುತ್ತಿದ್ದರು. ಮುನ್ನೂರಾ ಇಪ್ಪತ್ತು ಸಮ. ಕಳಕವ್ವ ಒತ್ತಿದ ಹಾಗೆ ಋಣ ಹತ್ತರಿಂದ ಧನ ಹತ್ತರವರೆಗೆ ಗೆರೆ ಬಿಡಿಸು ಎಂದರೆ ಸೊನ್ನೆ ಎರಡು ಎಳೆಗಳ ಸಂದಿಯಲ್ಲಿ ಬೀಳುತ್ತದೆ. ಪಾಟಿ ಒಂದೊಂದು ಎಳೆಗೆ ಒಂದೊಂದು ಉತ್ತರ ಹುಡುಕುತ್ತದೆ. ಸೊನ್ನೆಯನ್ನು ಅದು ಕೇಳುವುದೇ ಇಲ್ಲ. ಈ ಪಕ್ಕದ ಪಾತಾಳದಿಂದ ಆ ಪಕ್ಕದ ಮುಗಿಲಿಗೆ ನೇರ ಗೆರೆ ಎಳೆದುಬಿಡುತ್ತದೆ. ಸಿದ್ಧ ಅಳತೆಯ ಗುಂಡಿಯಲ್ಲಿ ಸೊನ್ನೆ ಸರಿಯಾಗಿ ಒಂದು ಎಳೆಯ ಮೇಲೆ ಬೀಳುತ್ತಿತ್ತು. ಅಲ್ಲಿ ಉತ್ತರ ಸಿಗದೆ ಪಾಟಿ ತಾನೇ ನೂಲು ಕತ್ತರಿಸುತ್ತಿತ್ತು. ಸಿದ್ದಾರೂಢರು ಕಂಡದ್ದೂ ಖರೆ, ಕಳಕವ್ವ ಕಂಡದ್ದೂ ಖರೆ. ಈ ಕಾರಣವನ್ನೆಲ್ಲ ಬಿಡಿಸಿ ಹೇಳಿದವಳು ಶಿವರಂಜನಿ, ಅದೂ ಅರ್ಧ ತಾಸಿನ ಮೇಲೆ, ಬೆವರೊರೆಸಿಕೊಳ್ಳುತ್ತ. "ಕಪ್ಪು ಬಿಳುಪಿನ ಮಾದರಿಯೊಳಗ ಒಂದು ವರ್ಷ ಅದನ್ನ ಅಕ್ಷ ಅಂತ ತಿಳಕೊಂಡಿದ್ದೆ," ಎಂದು ಈಗ ಅವಳೇ ಒಪ್ಪಿಕೊಳ್ಳುತ್ತಾಳೆ.

ಸೋಮವಾರ ಗಾಡಿ ಹೊರಡಲಿಲ್ಲ. ಗೆರೆ ಅತಿಯಾಗಿ ಹಾರಿದಲ್ಲಿ ಕತ್ತರಿಸುವ ಹಾಗೆ ಶಿವರಂಜನಿ ಪ್ರೋಗ್ರಾಂ ತಿದ್ದಿದಳು. ಜೊತೆಗೆ, ಕಳಕವ್ವ ಹಟ ಹಿಡಿದದ್ದಕ್ಕೆ, ಪರದೆಯ ಬಲ ಅಂಚಿನ ಒಂದು ಎಳೆಯನ್ನು ಖಾಲಿ ಬಿಟ್ಟಳು. ಉಳಿದದ್ದು ಮುನ್ನೂರಾ ಹತ್ತೊಂಬತ್ತು, ನಡುವೆ ಒಂದು. ಇನ್ನೂರ ನಲವತ್ತಕ್ಕೂ ಮತ್ತೆ ತಪಾಸಣೆ ನಡೆದು ಮುಂದಿನ ವಾರ ಹಸಿರು ಚುಕ್ಕಿ ಬಿತ್ತು. ತಪ್ಪಾಯಿತು ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ, ನಮ್ಮ ಕಡೆ ಗಂಡಸರಿಗೆ ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೊಣಕಾಲಿಗೆ ಅನುಕೂಲವಾಗಲೆಂದು ಸಿದ್ದಾರೂಢ ಮಾಳಿಗೆಗೆ ಒಂದು ಕುರ್ಚಿ ಹೊರಿಸಿದರು. ಕಳಕವ್ವ ಅದರ ಮೇಲೆ ಟವೆಲ್ ಒಣಹಾಕಿ ಚಾಪೆಯ ಮೇಲೇ ಕೂರುತ್ತಾರೆ.

ಪಾಟಿಗಳು ತಲುಪಿದ ಮೂರನೇ ದಿನ ಕೊರ್ಲಹಳ್ಳಿಯಿಂದ ನೇತ್ರಾ ಎಂಬ ಶಿಕ್ಷಕಿಯ ಫೋನು ಬಂತು. ಎಲ್ಲ ಪಾಟಿಗಳ ಬಲ ತುದಿಗೂ ಒಂದು ಗೆರೆ ಸತ್ತಿದೆ, ಕೆಟ್ಟ ಮಾಲನ್ನು ಹೊಳೆದಂಡೆಯ ಹಳ್ಳಿಗೆ ದಬ್ಬಿದ್ದೀರೋ ಹೇಗೆ ಎಂದು ಅವರು ನೇರವಾಗಿಯೇ ಕೇಳಿದರು. ಸಿದ್ದಾರೂಢ ಫೋನನ್ನು ಕಳಕವ್ವನ ಕೈಗಿತ್ತರು.

"ಅದು ಸತ್ತಿಲ್ರಿ ಬಾಯಾರ, ನಾವಾಗೇ ಬಿಟ್ಟೇವಿ," ಎಂದರು ಕಳಕವ್ವ. "ಭೂತಗನ್ನಡಿ ಇದ್ರ ಹುಡುಗರಿಗೆ ಎಡಗಡೆಯಿಂದ ಎಣಿಸಾಕ ಹೇಳ್ರಿ. ಮುನ್ನೂರಾ ಹತ್ತೊಂಬತ್ತು ಬರ್ತಾವು. ಬರದಿದ್ರ ಪೆಟಗಿ ತಿರುಗಿ ಕಳಸ್ರಿ."

ಹೀಗೆ ಅನುಮಾನಪಟ್ಟು ಕೇಳಿದ್ದಕ್ಕೆ ಆ ಶಿಕ್ಷಕಿಯ ಮೇಲೆ ಕಳಕವ್ವನಿಗೆ ಬೇಜಾರಿಲ್ಲ, ತುಸು ಗೌರವವೇ ಇದೆ. ಮುಚ್ಚಳದೊಳಗಿನ ಹಸಿರು ಚುಕ್ಕಿ ಯಾರಿಗೂ ಕಾಣುವುದಿಲ್ಲ, ಅದರ ಚಿಂತೆಯೂ ಇಲ್ಲ. ಬಿಸಿಲು ಏರುತ್ತಿದೆ. ಇಂದಿನ ಹದಿನೇಳನೆಯ ಪಾಟಿಯನ್ನು ಕೈಗೆತ್ತಿಕೊಳ್ಳುತ್ತ, ಹಾಳೆ ಮೊದಲು ಪರದೆ ಆಮೇಲೆ ನೋಡುತ್ತ, ಏನಾದರೂ ಆಸೆ ಉಳಿದಿದೆಯೇ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡುತ್ತಾರೆ.

"ಯಾವದಾರ ಸಾಲ್ಯಾಗ ಒಬ್ಬಾಕಿ ಹುಡುಗಿ ಖರೇನ ಕುಂತು ಎಣಿಸಿದ್ಲು ಅಂತ ಖಬರ ಬಂದ್ರ ಸಾಕ್ರಿ. ನಾ ಹೇಳಿದ್ದೂ ಆಕಿ ನಂಬಬಾರ್ದು."